ಕನಸಿನ ಹೊಣೆ

"ಆ ಕನಸನ್ನ ಈಗಲೇ ಅಳಿಸಿ. ಇಲ್ಲಾಂದ್ರೆ ಕೋರ್ಟಿಗೆ ಹೋಗ್ತೀನಿ," ಎಂದ ಬೀಗ ರಿಪೇರಿಯವನು. ಅಷ್ಟು ಸಿಟ್ಟಿನಲ್ಲೂ ಬೂಟಿನ ಮಣ್ಣನ್ನು ಕಾಲೊರೆಸಿಗೆ ಉಜ್ಜಿಯೇ ಆ ಅತ್ತೆ-ಸೊಸೆಯರ ಮನೆಯೊಳಗೆ ಬಂದಿದ್ದ.

ಅತ್ತೆ ಕಂಪ್ಯೂಟರಿನಿಂದ ಮುಖ ಎತ್ತಿದರು. ಮಧ್ಯಾಹ್ನದ ಗಾಳಿಗೆ ಕಿಟಕಿಯ ಪರದೆ, ನಿದ್ದೆಯಲ್ಲಿರುವವರ ಎದೆಯಂತೆ ಮೆಲ್ಲಗೆ ಏರಿ ಇಳಿಯುತ್ತಿತ್ತು. ಜನ ತಾವು ಕಂಡ ಕನಸುಗಳನ್ನು ಬರೆದು ಕಳಿಸುವ ವೆಬ್‌ಸೈಟು ಅವರದು. ಸಮುದ್ರದ ಮೇಲೆ ಸೈಕಲ್ ಹೊಡೆದವರು, ಉದುರಿದ ಹಲ್ಲು ಬಿತ್ತಿ ಮರ ಬೆಳೆಸಿದವರು, ಎಲ್ಲರೂ ಅಲ್ಲಿದ್ದರು. ಬಂದದ್ದನ್ನು ಅತ್ತೆ ಓದಿ, ಮನುಷ್ಯರ ಹೆಸರು ಕಂಡರೆ ತೆಗೆದು, ಅಲ್ಲಿ ಅವರ ಕಸುಬು ಬರೆದು, ಆಮೇಲೆ ಹಾರಲು ಬಿಡುತ್ತಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದ ಕಿವಿ ಅವರದು; ಊರವರ ಮಾತೆಲ್ಲ ಕೇಳಿಯೂ ಒಂದು ಹೆಸರನ್ನೂ ಮನೆಗೆ ಹೊತ್ತು ತಂದವರಲ್ಲ.

ಬೀಗದವನು ಫೋನು ಹಿಡಿದು ಓದಿದ: "'ಬೀಗದವನು ನಮ್ಮ ಮನೆಗೆ ಬಂದ. ಮುಟ್ಟುವ ಮೊದಲೇ ಬಾಗಿಲು ತೆರೆಯಿತು. ಮುಚ್ಚಿಟ್ಟಿದ್ದನ್ನೆಲ್ಲ ಚೀಲಕ್ಕೆ ತುಂಬಿಕೊಂಡ. ಹೋಗುವಾಗ ಮಗುವಿನ ಹೊದಿಕೆ ಸರಿಮಾಡಿದ.' ಇದನ್ನ ಓದಿದ ಮೇಲೆ ರಿಪೇರಿಗೆ ಕೊಟ್ಟ ಬೀಗಾನೂ ವಾಪಸ್ ಇಸ್ಕೊಂಡು ಹೋಗ್ತಿದ್ದಾರೆ. ನನ್ನ ಕಂಡ್ರೆ ಹೆಂಗಸರು ಕೀಲಿಕೈ ಸೆರಗಿನೊಳಗೆ ಮುಚ್ಕೋತಾರೆ."

ಒಳಕೋಣೆಯಿಂದ ಸೊಸೆ ಬಂದಳು. ವಕೀಲೆ, ತುರುಬಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದಳು. "ನಿಮ್ಮ ಹೆಸರೇ ಇಲ್ವಲ್ಲ ಅದರಲ್ಲಿ? ಕುಂಬಳಕಾಯಿ ಕಳ್ಳ ಅಂದ್ರೆ ನೀವ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀರಿ?"

"ಇಡೀ ಊರಿಗೆ ಬೀಗದವನು ಅಂತ ಇರೋನು ನಾನೊಬ್ಬನೇ ತಾಯಿ. ನಾನು ಮುಟ್ಟದಿದ್ರೆ ಊರೇ ಬಂದು ನನ್ನ ಹೆಗಲು ಮುಟ್ಟಿ ನೋಡುತ್ತೆ."

ಅವನಿಗೆ ನೀರು ತರುವ ನೆಪದಲ್ಲಿ ಸೊಸೆ ಅತ್ತೆಯನ್ನು ಅಡುಗೆಮನೆಗೆ ಎಳೆದೊಯ್ದಳು. "ಹೆದರ್ಬೇಡಿ. ಯಾರೋ ಬರೆದ್ರು, ನಾವು ಗೋಡೆ ಕೊಟ್ವಿ ಅಷ್ಟೇ ಅನ್ನಿ. ಗೋಡೆ ಕೊಟ್ಟವರನ್ನ ಕಾನೂನು ಹಿಡಿಯಲ್ಲ, ಬರೆದವರನ್ನ ಹಿಡಿಯುತ್ತೆ."

"ಬರೆದವಳು ತೀರಿಹೋದ ಗಂಡನ ಹೆಸರು ಬರೆದಿದ್ದಳು ಕಣೇ. ಅವರ ಕಸುಬೇನು ಅಂತ ಕೇಳಿದೆ. ಬೀಗ ಮಾಡ್ತಿದ್ರು ಅಂದಳು. ಹೆಸರು ತೆಗೆದು 'ಬೀಗದವನು' ಅಂತ ಹಾಕಿದ್ದು ನಾನೇ."

ನಲ್ಲಿ ತಿರುಗಿಸುತ್ತಿದ್ದ ಸೊಸೆಯ ಕೈ ನಿಂತಿತು. "ಕೈ ಹಾಕಿಬಿಟ್ರಾ? ಮುಟ್ಟದಿದ್ರೆ ಅವರದು, ಮುಟ್ಟಿದ್ರೆ ನಮ್ಮದು. ದಯವಿಟ್ಟು ಬಾಯಿ ಬಿಡ್ಬೇಡಿ ಅತ್ತೆ. ಒಪ್ಕೊಂಡ್ರೆ ದಂಡ ಬೀಳುತ್ತೆ, ಸೈಟೂ ಮುಚ್ಚಬೇಕಾಗುತ್ತೆ."

"ಒಪ್ಕೊಳ್ಳದಿದ್ರೆ?"

"ಆಕೆಯ ಹೆಸರು ಕೊಡ್ಬೇಕು."

"ಸತ್ತ ಗಂಡ ಕನಸಲ್ಲಿ ಬಂದ ಅಂತ ಅವಳನ್ನ ಕಟಕಟೆ ಹತ್ತಿಸೋದಾ?" ಅತ್ತೆ ಲೋಟ ತುಂಬಿಸಿಕೊಂಡು ಹೊರಟೇಬಿಟ್ಟರು.

ನೀರು ಕೊಟ್ಟು, ಅವನು ಕುಡಿದು ಮುಗಿಸುವವರೆಗೆ ಕಾದು, ಇದ್ದದ್ದು ಇದ್ದಹಾಗೆ ಹೇಳಿದರು. ಬರೆದವಳ ಹೆಸರೊಂದನ್ನು ಬಿಟ್ಟು. ಆಮೇಲೆ ಕೂತು ಟೈಪು ಮಾಡಿದರು: "ಆ ಕನಸಿನಲ್ಲಿ ಬಂದವರು ನಮ್ಮೂರಿನ ಬೀಗದವರಲ್ಲ, ಕನಸು ಕಂಡವರ ದಿವಂಗತ ಪತಿ. 'ಬೀಗದವನು' ಎಂಬ ಮಾತನ್ನು ಸೇರಿಸಿದವಳು ನಾನು. ತಪ್ಪು ನನ್ನದೇ." ಕೆಳಗೆ ತಮ್ಮ ಪೂರ್ತಿ ಹೆಸರು ಹಾಕಿದರು.

"ಕತ್ತೀನ ನೀವೇ ಮಸೆದು ಅವರ ಕೈಗೇ ಕೊಟ್ರಿ," ಎಂದು ಸೊಸೆ ಕುರ್ಚಿಯಲ್ಲಿ ಕುಸಿದಳು.

ಬೀಗದವನು ಕಂಪ್ಯೂಟರ್ ಪರದೆಯ ಮೇಲಿನ ಸಾಲುಗಳನ್ನು ಬೆರಳಿಟ್ಟು ಓದಿದ. ಮತ್ತೊಮ್ಮೆ ಓದಿದ. ಅವನ ಸಿಟ್ಟು ಎಲ್ಲಿಗೆ ಹೋಯಿತೋ, ಹೆಗಲು ಸಡಿಲವಾಯಿತು. "ಹಾಗಾದ್ರೆ ಅದು ನಾನಲ್ವಾ?"

"ಅಲ್ಲಪ್ಪ. ಕೋರ್ಟಿನಲ್ಲೂ ಹಾಗೇ ಹೇಳ್ತೀನಿ."

"ಕೋರ್ಟು ಗೀರ್ಟು ಬಿಡಿ." ಅವನು ಕಿಟಕಿಯಾಚೆ, ಬಿಸಿಲಿನಲ್ಲಿ ತೂಕಡಿಸುತ್ತಿದ್ದ ಮನೆಗಳ ಸಾಲನ್ನು ನೋಡುತ್ತ ನಿಂತ. "ಆ ಬಾಗಿಲುಗಳನ್ನೆಲ್ಲ ಒಂದಲ್ಲ ಒಂದು ದಿನ ನಾನೇ ತೆರೆದುಕೊಟ್ಟಿದ್ದೀನಿ. ತೆರೆದ ತಕ್ಷಣ ಎಲ್ಲರೂ ಒಳಗೆ ಓಡಿಬಿಡ್ತಾರೆ. ನಾನು ಹೊರಗೇ ನಿಂತಿರ್ತೀನಿ. ಆ ಕನಸಲ್ಲಾದ್ರೂ ಒಳಗೆ ಹೋಗಿ ಮಗುವಿನ ಹೊದಿಕೆ ಸರಿಮಾಡಿದ್ದೆ."

ಅತ್ತೆ ಪ್ರಕಟಿಸುವ ಗುಂಡಿಯತ್ತ ಬೆರಳು ಚಾಚಿದರು. ಅವನ ಒರಟು ಕೈ ಅಡ್ಡ ಬಂತು.

"ಬೆಳಿಗ್ಗೆ ಹಾಕಿ ಅಮ್ಮ," ಎಂದ, ಸಂಕೋಚದಿಂದ. "ಇವತ್ತೊಂದು ರಾತ್ರಿ ಅದು ನಾನೇ ಆಗಿರಲಿ."