ಹಲ್ಲಿಗೆ ಕೊಟ್ಟ ಹೆಸರು

ಜಗತ್ತಿನಲ್ಲಿ ಹೊಸ ಹೆಸರುಗಳು ಮುಗಿದುಹೋಗಿದ್ದವು. ಯಾವ ಹೊಸ ಜೀವಿ ಸಿಕ್ಕರೂ ಅದನ್ನು ಮೊದಲು ಕಂಡವರು ತಮ್ಮ ಹೆಸರನ್ನೇ ಅದಕ್ಕೆ ಬಿಟ್ಟುಕೊಡಬೇಕಿತ್ತು. ಗುಡ್ಡದ ಕಾಡಿನಲ್ಲಿ ನೀಲಿ ಗಂಟಲಿನ ಹಲ್ಲಿಯನ್ನು ಕಂಡ ಫಾರೆಸ್ಟ್ ಗಾರ್ಡ್ ದುಂಡಪ್ಪ ಹೆಸರು ಕೊಟ್ಟು ಮನೆಗೆ ಬಂದ.

"ಇನ್ಮ್ಯಾಲೆ ದುಂಡಪ್ಪ ಅಂತ ಯಾರರ ಕರದ್ರ ನಾ ಓ ಅನ್ನಂಗಿಲ್ಲ. ಓ ಅಂದ್ರ ನೌಕರಿ ಹೋಗ್ತದ," ಎಂದ.

"ನಾ ಯಾವಾಗ ಕರದೀನ್ರೀ?" ಎಂದಳು ಹೆಂಡತಿ ತಂಗೆವ್ವ, ರೊಟ್ಟಿ ಬಡಿಯುತ್ತ. ಹೆಸರಿಟ್ಟು ಕರೆದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆಂದು ಅವಳು ಅದನ್ನು ಎಂದೂ ನಾಲಿಗೆಗೆ ತಂದಿರಲಿಲ್ಲ.

ಮರುದಿನ ಹಿತ್ತಲಿನ ಗೋಡೆಯ ಮೇಲೆ ಅದೇ ಜಾತಿಯ ಹಲ್ಲಿ ಕೂತಿತ್ತು. ತಂಗೆವ್ವ ಆಚೀಚೆ ನೋಡಿ, ಮೆಲ್ಲಗೆ, "ದುಂಡಪ್ಪಾ," ಎಂದಳು.

ಹಲ್ಲಿ ಅಲುಗಲಿಲ್ಲ. ಬಚ್ಚಲಿನಿಂದ ಗಂಡ "ಓ" ಎಂದ.

"ನಿಮಗಲ್ರೀ, ಹಲ್ಲಿಗಿ," ಎಂದಳು ತಂಗೆವ್ವ. ಅವನಿಗೆ ಕೇಳುವ ಹಾಗೆ ಇನ್ನೊಮ್ಮೆ ಕರೆದಳು.