ಅತ್ತೆಯ ಉಗುರು

ಎಂಬತ್ತೆರಡು. ನರ್ಸ್ ಇನ್ನೊಮ್ಮೆ ನೋಡಿದಳು, ಎಂಬತ್ತು. ರಕ್ತದ ಆಮ್ಲಜನಕ ಅಳೆಯುವ ಕ್ಲಿಪ್ಪು ಅತ್ತೆಯ ಬೆರಳಲ್ಲಿತ್ತು, ಬೆರಳು ಹೊದಿಕೆಯೊಳಗಿತ್ತು. ಚಳಿ, ಕೈ ಹೊರಗೆ ತೆಗೆಯಲಾರೆ ಎಂದು ಹಟ ಹಿಡಿದು ಕ್ಲಿಪ್ಪನ್ನು ತಾವೇ ಸಿಕ್ಕಿಸಿಕೊಂಡ ಮಹಾತಾಯಿ ಅವರು.

ಇಷ್ಟು ಕಡಿಮೆಯಿದ್ದರೆ ಅರಿವಳಿಕೆ ಕೊಡಲಾಗದು, ಆಪರೇಷನ್ ಮುಂದಕ್ಕೆ ಹಾಕೋಣ ಎಂದರು ಡಾಕ್ಟರು. ಸೊಸೆ ಗಾಬರಿಯಾದಳು. ಪಿತ್ತಕೋಶದ ಕಲ್ಲಿನ ನೋವಿಗೆ ಅತ್ತೆ ಹೊರಳಾಡಿದ್ದನ್ನು ಕಂಡವಳು ಅವಳು. ಮನೆಮಂದಿಯೆಲ್ಲ ಕಾಲು ಹಿಡಿದು ಒಪ್ಪಿಸಿದ್ದರು. ಇವತ್ತು ತಪ್ಪಿದರೆ ಈ ಹೆಂಗಸು ಮತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತುವುದುಂಟೇ?

ಆದರೆ ಉಸಿರಿಗೇ ಬರ ಬಂದವರು ಹೀಗೆ ಮಾತಾಡುತ್ತಾರೆಯೇ? ದಿಂಬು ಗಟ್ಟಿ ಎಂದರು, ಫ್ಯಾನು ಕಿರುಗುಟ್ಟುತ್ತದೆ ಎಂದರು, ಡಾಕ್ಟರಿಗೆ ಮದುವೆಯಾಗಿದೆಯೇ ಎಂದು ವಿಚಾರಿಸಿದರು. ಒಮ್ಮೆಯೂ ಏದುಸಿರು ಬಿಡಲಿಲ್ಲ. ನರ್ಸಿಗೆ ಅನುಮಾನ ಬಂದು ಹೊದಿಕೆಯನ್ನು ಸರಕ್ಕನೆ ಎಳೆದಳು.

ಹತ್ತೂ ಬೆರಳಿಗೆ ಉದ್ದುದ್ದನೆಯ ಕಡುನೇರಳೆ ನಕಲಿ ಅಂಟುಗುರು!

ಇದರೊಳಗೆ ಕ್ಲಿಪ್ಪಿನ ಬೆಳಕೇ ಹಾಯುವುದಿಲ್ಲ, ಮೆಷಿನ್ ಪಾಪ ಏನು ಮಾಡೀತು, ಒಂದನ್ನಾದರೂ ಬಿಡಿಸಬೇಕು ಎಂದಳು ನರ್ಸ್. ಸೊಸೆಗೆ ಮೈಯೆಲ್ಲ ಉರಿದುಹೋಯಿತು. ಉಗುರು ಅಂಟಿಸುವುದೇ ಅವಳ ಕಸುಬು, ಮನೆಯ ಕೆಳಗೇ ಅಂಗಡಿ. ಬೆಕ್ಕಿಗೂ ಉಗುರಿದೆ, ಅದೇನು ಅಂಗಡಿ ಇಟ್ಟಿದೆಯಾ ಎಂದು ಮದುವೆಯಾದಾಗಿನಿಂದ ಮೂದಲಿಸಿದ ಅತ್ತೆ ಇವರೇ. ಇದು ಎದುರಂಗಡಿಯವಳ ಕೈಕೆಲಸ, ಅಂಚಿನಲ್ಲಿ ಉಕ್ಕಿದ ಅಂಟು ನೋಡಿದರೇ ಗೊತ್ತಾಗುತ್ತಿತ್ತು.

"ನನ್ನ ಕೇಳೋಕೆ ಏನಾಗಿತ್ತು ಅತ್ತೆ?"

"ಯಾವ ಮುಖ ಇಟ್ಕೊಂಡು ಕೇಳ್ಲಿ?" ಅತ್ತೆ ಗೋಡೆಯ ಕಡೆ ತಿರುಗಿದರು. "ನೋಡೋಕೆ ಬರೋರ ಮುಂದೆ ಕೈಯಾದ್ರೂ ಚೆನ್ನಾಗಿರ್ಲಿ ಅಂತ..."

ಸೊಸೆಯ ಸಿಟ್ಟು ಅರ್ಧಕ್ಕೇ ಇಳಿಯಿತು. ಕೈಚೀಲದಲ್ಲಿ ಸದಾ ಇರುವ, ಅಂಟು ಕರಗಿಸುವ ಅಸಿಟೋನ್ ಸೀಸೆ ತೆಗೆದು, ತೋರುಬೆರಳಿಗೆ ಒದ್ದೆ ಹತ್ತಿ ಸುತ್ತಿ ಕಾದಳು. ಮೆತ್ತಗಾದ ಮೇಲೆ ಒಂದಿಷ್ಟೂ ನೋವಾಗದಂತೆ ಉಗುರು ಬಿಡಿಸಿದಳು. ಬೆರಳು ಒರೆಸಿ ಕ್ಲಿಪ್ಪು ಹಾಕಿದ್ದೇ ತಡ, ತೊಂಬತ್ತೆಂಟು. ಇದೊಂದು ಬೆರಳು ಸಾಕು, ನಡೆಯಿರಿ ಎಂದರು ಡಾಕ್ಟರು.

ಆಪರೇಷನ್ ಕೋಣೆಯ ಬಾಗಿಲಲ್ಲಿ ಅತ್ತೆ ಸ್ಟ್ರೆಚರ್ ನಿಲ್ಲಿಸಿ, ಸೊಸೆಯ ಕೈ ಹಿಡಿದು ಹತ್ತಿರ ಎಳೆದುಕೊಂಡರು. ಇಷ್ಟು ವರ್ಷಕ್ಕೆ ಒಂದು ಒಳ್ಳೆಯ ಮಾತು ಬರುತ್ತಿದೆ ಎಂದು ಸೊಸೆಯ ಕಣ್ಣು ತುಂಬಿ ಬಂತು.

"ಎದ್ದು ಬಂದ್ಮೇಲೆ ಈ ಬೆರಳಿಗೆ ನೀನೇ ಹಾಕು" ಎಂದರು ಅತ್ತೆ. "ಪಕ್ಕಪಕ್ಕದಲ್ಲೇ ಇಟ್ಟು ನೋಡ್ತೀನಿ, ಯಾರ ಕೆಲಸ ಮೇಲು ಅಂತ."