ಒಂದು ಕಡುಬಿನಷ್ಟು

ಏಳು ಕೆರೆಯಾಚೆ, ಏಳು ಕಾಡಿನಾಚೆ ಒಬ್ಬ ರಾಕ್ಷಸಿ ಇದ್ದಳಂತೆ. ಅವಳ ಪ್ರಾಣ ಮೈಯೊಳಗಿರದೆ ಒಂದು ಗಿಳಿಯೊಳಗೆ ಇತ್ತಂತೆ. ಅವಳ ಮನೆಯಲ್ಲಿ ಹಸಿದುಕೊಂಡು ಗೇಯುತ್ತಿದ್ದ ಹುಡುಗಿಯ ಕೈಗೆ ಒಂದು ದಿನ ಆ ಗಿಳಿ ಸಿಕ್ಕಿತಂತೆ. ತವರೂರು ಉಡುತಡಿಯಲ್ಲಿ ಅಜ್ಜಿ ಈ ಕಥೆಯನ್ನು ಯಾವಾಗಲೂ ಅಲ್ಲಿಗೇ ನಿಲ್ಲಿಸಿ ಕಂಬಳಿ ಎಳೆದುಕೊಳ್ಳುತ್ತಿದ್ದಳು. ಆ ಗಿಳಿ ಈಗ ನಾಗವೇಣಿಯ ಅಂಗೈಯಲ್ಲಿತ್ತು. ರೆಕ್ಕೆಯಿಲ್ಲ, ಕೊಕ್ಕಿಲ್ಲ. ಗಾಜಿನ ಮುಖ, ಒಂದು ಮೂಲೆಯಲ್ಲಿ ಬಿರುಕು.

"ನಾಗೂ, ಒತ್ತೇ. ಅವ್ರು ಬಂದ್ಬಿಡ್ತಾರೆ," ಎಂದಳು ಅತ್ತೆ ಶೇಷಮ್ಮ.

ಭೂಮಿ ಹುಣ್ಣಿಮೆಯ ಬೆಳಗು. ಸೊರಬದ ಬಯಲಿನಲ್ಲಿ ಭತ್ತ ಹೊಡೆ ತುಂಬಿಕೊಂಡು ನಿಂತಿತ್ತು. ಬಸುರಿ ಭೂಮಿತಾಯಿಗೆ ಬಯಕೆಯ ಊಟ ಬಡಿಸಿ ಪೂಜೆ ಮುಗಿದಿತ್ತು. ಗಂಡ ಪ್ರದೀಪನೂ ಮಗಳು ಸ್ಪಂದನಳೂ ಬುಟ್ಟಿ ಹಿಡಿದು, ಎಡೆಯನ್ನು ಗದ್ದೆಗೆ ಬೀರುತ್ತ ಆಚೆ ತುದಿಗೆ ಹೋಗಿದ್ದರು. ಅವರು ಬಂದಮೇಲೆ ಎಲ್ಲರೂ ಬದುವಿನ ಮೇಲೆ ಕೂತು ಉಣ್ಣುವುದು. ಶೇಷಮ್ಮ ಉಣ್ಣಬೇಕಾದರೆ ಹದಿನೈದು ನಿಮಿಷ ಮೊದಲೇ, ಅವಳ ಹೊಟ್ಟೆಗೆ ಅಂಟಿಸಿದ ಪುಟ್ಟ ಪಂಪಿನಿಂದ ಇನ್ಸುಲಿನ್ ಒಳಗಿಳಿಯಬೇಕು. ಪಂಪಿಗೆ ಗುಂಡಿಯಿಲ್ಲ. ಒತ್ತುವುದೆಲ್ಲ ಫೋನಿನಲ್ಲಿ, ಅದೂ ಸೊಸೆಯ ಫೋನಿನಲ್ಲಿ. ಓದು ಬಾರದ ಮುದುಕಿ ಏನಾದರೂ ತಪ್ಪು ಒತ್ತಿಕೊಂಡಾಳು ಎಂದು ಶಿಕಾರಿಪುರದ ಡಾಕ್ಟರು ಹಾಗೆ ಮಾಡಿಸಿದ್ದರು.

"ನೆಟ್‌ವರ್ಕ್ ಇಲ್ಲ ಅತ್ತೆ," ಎಂದಳು ನಾಗವೇಣಿ. ಪಂಪಿಗೆ ನೆಟ್‌ವರ್ಕೇ ಬೇಕಿರಲಿಲ್ಲ. ಫೋನು ಹತ್ತಿರವಿದ್ದರೆ ಸಾಕಿತ್ತು.

ಹದಿನಾರು ವರ್ಷದ ಹಿಂದೆಯೂ ಇದೇ ಬದು, ಇದೇ ಹುಣ್ಣಿಮೆ. ನಾಗವೇಣಿ ಆಗ ಆರು ತಿಂಗಳ ಬಸುರಿ. ರಾತ್ರಿಯಿಡೀ ಒಲೆಯ ಮುಂದೆ ಕೂತು ಬೇಯಿಸಿದವಳಿಗೆ ಸೌತೆಕಾಯಿ ಕಡುಬಿನ ಮೇಲೇ ಜೀವವಿತ್ತು. ಪೂಜೆಯಾಗಿ, ಎಲ್ಲರೂ ಉಂಡೆದ್ದ ಮೇಲೆ ಅವಳ ಎಲೆ. ಕಡುಬಿಗೆ ಕೈ ಹಾಕುವಷ್ಟರಲ್ಲಿ ಶೇಷಮ್ಮ ಎಲೆಯನ್ನೇ ಈಚೆಗೆ ಎಳೆದುಕೊಂಡಿದ್ದಳು. "ಭೂಮ್ತಾಯಿದು ಆತು, ಮನೆಯೋರ್ದು ಆತು. ಉಳಿದಿದ್ದು ನೆಂಟ್ರಿಗೆ ಬೇಕು. ಬಸುರಿ ಬಯಕೆ ತೀರ್ಸೋದು ತವರಿನೋರ ಕೆಲ್ಸ, ನಂದಲ್ಲ." ಅವಳು ಬಗ್ಗಿದಾಗ ಸೊಂಟದಲ್ಲಿದ್ದ ಉಗ್ರಾಣದ ಕೀಲಿಗೊಂಚಲು ಗಲಗಲ ಎಂದಿತ್ತು. ಯಾಕೆ ಉಣ್ಣಲಿಲ್ಲ ಎಂದು ಪ್ರದೀಪ ಕೇಳಿದ್ದಕ್ಕೆ ನಾಗವೇಣಿ "ನಂಗೆ ಹಸಿವಿಲ್ಲ" ಎಂದಿದ್ದಳು. ಪಾತ್ರೆ ತೊಳೆಯುವ ನೆವದಲ್ಲಿ ಕಾಲುವೆಗೆ ಹೋಗಿ, ನೀರು ಮುಟ್ಟಿ, ತನಗೆ ತಾನೇ ಮಾತು ಕೊಟ್ಟುಕೊಂಡಿದ್ದಳು: ಇದೇ ಬದುವಿನ ಮೇಲೆ, ಇದೇ ಕಡುಬಿಗೆ, ಇವಳು ನನ್ನ ಮುಂದೆ ಕೈ ಚಾಚಬೇಕು.

ಪ್ರದೀಪನೂ ಸ್ಪಂದನಳೂ ಕಾಲಿನ ಕೆಸರು ಒರೆಸಿಕೊಳ್ಳುತ್ತ ಬಂದು ಕೂತರು. ನಾಲ್ಕು ಎಲೆ ಹಾಕಿ ನಾಗವೇಣಿ ಎಲ್ಲರಿಗೂ ಬಡಿಸಿದಳು. ಅತ್ತೆಯ ಎಲೆಗೂ ಒಂದು ಕಡುಬು ಇಟ್ಟಳು. ಶೇಷಮ್ಮ ಅದನ್ನು ಮುಟ್ಟಲಿಲ್ಲ.

"ಅಜ್ಜಿ, ಉಣ್ಣಲ್ವಾ?"

"ನಂಗೆ ಹಸಿವಿಲ್ಲ ಕಣೇ ಮಗಾ. ನೀವು ಉಣ್ರಿ."

ಪ್ರದೀಪ ನಕ್ಕ. "ನಿನ್ನೆ ಸಂಜೆಯಿಂದ ಉಪವಾಸ, ಹಸಿವಿಲ್ಲ ಅಂತೀಯಲ್ಲಮ್ಮ. ಭೂಮ್ತಾಯಿ ಜೊತೆ ನೀನೂ ಉಂಡ್ಬಿಟ್ಯೇನು?"

"ಹ್ಞೂ ಕಣಪ್ಪ. ಇನ್ನೇನು ಅವಳ ಮಗ್ಗುಲಾಗೇ ಮಲಗೋಳು. ಈಗ್ಲೇ ಗುರುತು ಮಾಡ್ಕಂಡ್ರೆ ಒಳ್ಳೇದಲ್ವಾ?"

ತಂದೆ ಮಗಳು ಜೋರಾಗಿ ನಕ್ಕರು. ನಾಗವೇಣಿ ಮೊದಲನೆಯ ಕಡುಬು ತಿಂದಳು, ಎರಡನೆಯದನ್ನೂ ತಿಂದಳು. ಈ ಮನೆಗೆ ಬಂದಮೇಲೆ ಅತ್ತೆಗಿಂತ ಮೊದಲು ಅವಳು ತುತ್ತು ಬಾಯಿಗಿಟ್ಟದ್ದು ಇದೇ ಮೊದಲು. ಮೂರನೆಯದನ್ನು ಮುರಿದು ಎಲೆಯ ಅಂಚಿಗೆ ಸರಿಸಿದಳು.

ಊಟ ಮುಗಿದು ಅವರಿಬ್ಬರೂ ಪಾತ್ರೆ ಎತ್ತಿಕೊಂಡು ಕಾಲುವೆಯ ಕಡೆಗೆ ಹೋದರು. ಬದುವಿನ ಮೇಲೆ ಅತ್ತೆ, ಸೊಸೆ, ನಡುವೆ ಒಂದು ಎಲೆ. ಕಡುಬಿಗೆ ಇರುವೆ ಬಂದಿತ್ತು. ಶೇಷಮ್ಮ ಊದಿ ಊದಿ ಓಡಿಸುತ್ತಿದ್ದಳು.

"ನೆಟ್‌ವರ್ಕ್ ಬ್ಯಾಡ ಅಂತ ಡಾಕ್ಟ್ರು ನಿಂಗೆ ಹೇಳ್ವಾಗ ನಾನೂ ಅಲ್ಲೇ ಕೂತಿದ್ನಲ್ಲೇ ನಾಗೂ."

ನಾಗವೇಣಿ ಫೋನನ್ನು ಮಡಿಲಲ್ಲಿ ಬೋರಲು ಹಾಕಿದಳು. "ಗೊತ್ತಿದ್ರೆ ಮಗನ ಮುಂದೆ ಯಾಕೆ ಹೇಳ್ಲಿಲ್ಲ?"

"ನೀನು ಹೇಳಿದ್ಯೇನು ಆವತ್ತು?"

ಆಚೆ ಗದ್ದೆಯಲ್ಲಿ ಯಾರದೋ ಮನೆಯವರು ಭೂಮಿತಾಯಿಯನ್ನು ಊಟಕ್ಕೆ ಕೂಗಿ ಕರೆಯುತ್ತಿದ್ದರು. ಶೇಷಮ್ಮ ಸೆರಗಿನಿಂದ ಬಲಗೈ ಒರೆಸಿಕೊಂಡು, ಅಂಗೈ ಮೇಲಾಗಿ ಸೊಸೆಯ ಮುಂದೆ ಚಾಚಿದಳು.

"ಒಂದು ಕಡುಬಿನಷ್ಟು ಒತ್ತೇ ತಾಯಿ, ಸಾಕು. ನಮ್ಮತ್ತೆ ಹತ್ರ ಉಗ್ರಾಣದ ಕೀಲಿ ಇತ್ತು. ಅದನ್ನೇ ನಾನೂ ಇಟ್ಕಂಡೆ. ಅದು ಉಗ್ರಾಣದ ಬಾಗ್ಲು ಮಾತ್ರ ತೆಗೀತಿತ್ತು. ನಿನ್ ಕೀಲಿ ಭಾರಿ ಆತು ಬಿಡು, ನನ್ ಹೊಟ್ಟೆಯೊಳಗೇ ಹೋಗೈತೆ."

ಹದಿನಾರು ವರ್ಷ ನಾಗವೇಣಿ ಕಾದಿದ್ದ ಕೈ ಅದು. ಚಾಚಿದಾಗ ಹೇಗಿರುತ್ತದೆಂದು ಒಲೆಯ ಮುಂದೆ ಕೂತು ನೂರು ಸಲ ಕನಸು ಕಂಡಿದ್ದಳು. ಇಷ್ಟು ಸೊರಗಿರುತ್ತದೆಂದು ಒಂದು ಕನಸಿನಲ್ಲೂ ಕಂಡಿರಲಿಲ್ಲ. ಬಿರುಕುಬಿಟ್ಟ ಗಾಜಿಗೆ ಹೆಬ್ಬೆರಳು ಕೊಟ್ಟು ಬೀಗ ತೆಗೆದಳು. ಒಂದು ಕಡುಬಿಗೆ ಆಗುವಷ್ಟು ತುಂಬಿಸಿದಳು. ಒತ್ತಿದಳು. ಅತ್ತೆಯ ಸೀರೆಯೊಳಗೆ ಪಂಪು ಟಿಕ್ ಟಿಕ್ ಎಂದು ನಿಂತಿತು.

"ಹದಿನೈದು ನಿಮಿಷ, ಅತ್ತೆ," ಎಂದಳು.

ಶೇಷಮ್ಮ ತಲೆಯಾಡಿಸಿದಳು. ಚಾಚಿದ ಕೈಯನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.